ಮಾಲ್ಗುಡಿಯ ಮೇಷ್ಟ್ರು ಸಂಸಾರಿಯಾದ ಬಗೆ

ಯುವಕನೊಬ್ಬನು ಅನುಭವಗಳಿಂದ ಮಾಗುತ್ತ ಬದುಕಿನಲ್ಲಿ ತನ್ನ ನೆಲೆಯನ್ನು ಕಂಡುಕೊಳ್ಳುವ ಬಗೆಯನ್ನು ನಿರೂಪಿಸುವ ಕಾದಂಬರಿಗಳನ್ನು ವಿಮರ್ಶಕರು ‘ಬಿಲ್ಡುಂಗ್ಸ್‌ರೋಮಾನ್’ ಎಂಬ ಜರ್ಮನ್ ಹೆಸರಿನಿಂದ ಗುರುತಿಸುತ್ತಾರೆ. ಇಂಥ ಅನೇಕ ಕಥೆಗಳು ಮದುವೆಯ ಹೊತ್ತಿಗೆ ಮುಗಿಯುತ್ತವೆ, ಆರ್. ಕೆ. ನಾರಾಯಣ್ ಅವರ ‘ದ ಬ್ಯಾಚುಲರ್ ಆಫ್ ಆರ್ಟ್ಸ್’ (1937) ಕೂಡ ನಾಯಕ ಚಂದ್ರನ್‌ನ ಮದುವೆಯಾದ ಸ್ವಲ್ಪದರಲ್ಲೇ ನಿಲ್ಲುತ್ತದೆ. ಆದರೆ 1945ರಲ್ಲಿ ಪ್ರಕಟವಾದ ‘ದಿ ಇಂಗ್ಲಿಷ್ ಟೀಚರ್’, ಮದುವೆಯಾಗಿ ಮಗುವಿನ ತಂದೆಯೂ ಆಗಿರುವ ಗಂಡಸು ಇನ್ನೂ ದೊಡ್ಡವನಾಗಬೇಕಿದೆ ಎಂಬಲ್ಲಿಂದಲೇ ಆರಂಭವಾಗುತ್ತದೆ.

ಕಾಲ್ಪನಿಕ ಊರು ಮಾಲ್ಗುಡಿಯ ಆಲ್ಬರ್ಟ್ ಮಿಷನ್ ಕಾಲೇಜಿನಲ್ಲಿ ತಿಂಗಳಿಗೆ ನೂರು ರೂಪಾಯಿ ಸಂಬಳ ಪಡೆಯುವ ಕೃಷ್ಣ, ತಾನು ಓದಿದ ಕಾಲೇಜಿನಲ್ಲೇ ಮೇಷ್ಟ್ರಾಗಿ, ಹಾಸ್ಟೆಲ್ ಕೋಣೆಯಲ್ಲೇ ದಿನ ದೂಡುತ್ತಿರುತ್ತಾನೆ. ಹೆಂಡತಿ ಸುಶೀಲ ಎಳೆಗೂಸು ಲೀಲಾಳೊಡನೆ ಬಂದು ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದ ಮೇಲೆಯೇ ಅವನ ನಿಜವಾದ ಕಲಿಕೆ ತೊಡಗುತ್ತದೆ. ತಿಂಗಳ ಸಾಮಾನಿನ ಪಟ್ಟಿ ಬರೆಯುವವಳು, ಖರ್ಚಿನ ಲೆಕ್ಕವಿಡುವವಳು, ಪಟ್ಟಿ ಮೀರಿ ಏನಾದರೂ ತಂದರೆ ವಿಚಾರಿಸುವವಳು ಅವಳೇ. ಕವಿತೆಯನ್ನು ಪಾಠ ಮಾಡುವ ಗಂಡನಿಗೆ ಒಂದು ಮನೆ ಹೇಗೆ ನಡೆಯುತ್ತದೆಂಬುದನ್ನು ಅವಳಿಂದಲೇ ತಿಳಿಯಬೇಕಾಗುತ್ತದೆ.

ಅವರ ಮೊದಲ ದೊಡ್ಡ ಜಗಳ ಒಂದು ಅಲಾರಂ ಗಡಿಯಾರದ ಕಾರಣಕ್ಕೆ ಹುಟ್ಟುತ್ತದೆ. ಹೊತ್ತುಗೊತ್ತಿಲ್ಲದೆ ಬಡಿದುಕೊಳ್ಳುವ, ಮೇಲೆ ದಪ್ಪ ಪುಸ್ತಕವಿಟ್ಟರೆ ಮಾತ್ರ ಸುಮ್ಮನಾಗುವ ಆ ಹಳೆಯ ಗಡಿಯಾರ ಕೃಷ್ಣನಿಗೆ ಹಾಸ್ಟೆಲ್ ದಿನಗಳ ಒಡನಾಡಿ. ಅವನ ಮೇಜನ್ನು ಓರಣ ಮಾಡುವ ಉತ್ಸಾಹದಲ್ಲಿ ಸುಶೀಲ ಅದನ್ನು ಹಳೆಯ ಕಾಗದಗಳ ಜೊತೆ ಮಾರಿಬಿಡುತ್ತಾಳೆ. ಅವನು ಸಿಡುಕಿ ಆಡಬಾರದ ಮಾತಾಡುತ್ತಾನೆ, ಇಬ್ಬರೂ ಮಾತುಬಿಡುತ್ತಾರೆ. ಇಷ್ಟು ಸಣ್ಣ ಪ್ರಸಂಗದಲ್ಲಿ, ಒಂಟಿ ಬದುಕಿನ ಹಕ್ಕುಗಳನ್ನು ಬಿಟ್ಟುಕೊಡಲು ಒಲ್ಲದ ಮನಸ್ಸು ಸೋಲೊಪ್ಪುವುದನ್ನು ತೋರಿಸಿರುವುದೇ ಈ ಕಾದಂಬರಿಯ ಅತ್ಯುತ್ತಮ ಸಾಧನೆ ಎನ್ನಬಹುದು.

ಸ್ವಂತ ಮನೆ ಕೊಳ್ಳಲು ಬಡಾವಣೆಯಲ್ಲಿ ಮನೆ ನೋಡಹೋದ ದಿನ, ಸುಶೀಲ ಹಿತ್ತಲಿನ ಹೊಲಸು ಕಕ್ಕಸಿನೊಳಗೆ ಸಿಕ್ಕಿಕೊಳ್ಳುತ್ತಾಳೆ. ಆಮೇಲೆ ಬಂದ ಜ್ವರವನ್ನು ವೈದ್ಯರು ಮೊದಲು ಮಲೇರಿಯಾ ಎನ್ನುತ್ತಾರೆ, ಅದು ಟೈಫಾಯ್ಡ್ ಆಗಿರುತ್ತದೆ. ರೋಗಿಯ ಕೋಣೆಯಲ್ಲಿ ಜ್ವರದ ಏರಿಳಿತ ಗುರುತಿಸುತ್ತ, ಔಷಧ ಕೊಡುತ್ತ, ಕಾಯುತ್ತ ಕೂರುವ ಕೃಷ್ಣ, ಅಲಾರಂಗಾಗಿ ಸಿಡುಕಿದ ಮನುಷ್ಯನಲ್ಲ. ಅವಳು ಉಳಿಯುವುದಿಲ್ಲ.

ಈ ಕಥೆ ಬಹುಪಾಲು ನಾರಾಯಣ್ ಅವರದೇ ಬದುಕು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ ಅದೇ ಊರಿನಲ್ಲಿ ನೆಲೆಸಿದ್ದ ಅವರು, ಜಾತಕ ಕೂಡಿಬಾರದಿದ್ದರೂ ತಾವೇ ಮೆಚ್ಚಿ ಕೈಹಿಡಿದ ರಾಜಂ ಅವರನ್ನು 1939ರಲ್ಲಿ ಟೈಫಾಯ್ಡ್‌ಗೆ ಕಳೆದುಕೊಂಡರು. ಕೃತಿಯಲ್ಲಿ ಕಲ್ಪನೆಯ ಪಾಲು ಅಲ್ಪವೆಂದು ‘ಮೈ ಡೇಸ್’ (1974) ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಉತ್ತರಾರ್ಧದಲ್ಲಿ ಮಾಧ್ಯಮದ ಮೂಲಕ, ಎಂದರೆ ಸತ್ತವರ ಮಾತನ್ನು ಬರೆದು ತಿಳಿಸಬಲ್ಲನೆಂದು ನಂಬಲಾದ ವ್ಯಕ್ತಿಯ ಮೂಲಕ, ಕೃಷ್ಣ ಹೆಂಡತಿಯನ್ನು ಅರಸುವ ಭಾಗ ಹಲವು ಓದುಗರಿಗೆ ಒಗ್ಗುವುದಿಲ್ಲ, ಮತ್ತು ಕಥೆಯ ಹದ ಅಲ್ಲಿ ಬದಲಾಗುವುದೂ ನಿಜ. ಆದರೂ ಆ ಹುಡುಕಾಟದ ಉದ್ದಕ್ಕೂ ಅವನು ಮಗುವನ್ನು ತಾನೇ ನೋಡಿಕೊಳ್ಳಲು ಕಲಿಯುತ್ತಾನೆಂಬುದನ್ನು ಮರೆಯಬಾರದು. ಕೊನೆಗೆ ಅವನು ಕಾಲೇಜಿನ ಕೆಲಸಕ್ಕೆ ರಾಜೀನಾಮೆಯಿತ್ತು, ಅದಕ್ಕಿಂತ ಬಹಳ ಕಡಿಮೆ ಸಂಬಳಕ್ಕೆ, ಲೀಲಾ ಕಲಿಯುವ ಮಕ್ಕಳ ಶಾಲೆಗೆ ಸೇರಿಕೊಳ್ಳುತ್ತಾನೆ.