ಕಾಣದ ಕಣದ ತೂಕ

1962ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ಸಂಸ್ಥಾನದ ಬಯಲೊಂದರ ಮೇಲೆ ಸುಮಾರು 5,000 ಕೋಟಿ ಕಣಗಳು ಒಮ್ಮೆಗೇ ಸುರಿದುವು. ಕಣ್ಣಿಗೆ ಏನೂ ಕಾಣಲಿಲ್ಲ, ಕಿವಿಗೆ ಏನೂ ಕೇಳಿಸಲಿಲ್ಲ. ವಾಲ್ಕೇನೋ ರಾಂಚ್ ಎಂಬ ಆ ಸ್ಥಳದಲ್ಲಿ ಭೌತವಿಜ್ಞಾನಿ ಜಾನ್ ಲಿನ್ಸ್ಲಿಯವರು ಹರಡಿದ್ದ ಉಪಕರಣಗಳು ಮಾತ್ರ ಅದನ್ನು ಗುರುತಿಸಿದುವು. ಅಷ್ಟು ಕಣಗಳೂ ಒಂದೇ ಒಂದು ಕಣದ ಸಂತತಿ!

ವಿಶ್ವಕಿರಣಗಳು ಹೆಸರಿಗೆ ಕಿರಣಗಳಾದರೂ ವಾಸ್ತವವಾಗಿ ಪ್ರೋಟಾನ್ ಮೊದಲಾದ ಪರಮಾಣು ಬೀಜಗಳು. ಇಂತಹ ಕಣವೊಂದು ವಾತಾವರಣದ ಮೇಲ್ಭಾಗದಲ್ಲಿ ಗಾಳಿಯ ಪರಮಾಣುವಿಗೆ ಬಡಿದೊಡನೆ ಹೊಸ ಕಣಗಳು ಹುಟ್ಟುತ್ತವೆ. ಅವು ಮತ್ತೆ ಬಡಿದು ಇನ್ನಷ್ಟನ್ನು ಹುಟ್ಟಿಸುತ್ತವೆ. ಕೊನೆಗೆ ನೆಲವನ್ನು ಮುಟ್ಟುವುದು ಕಣಗಳ ಜಡಿಮಳೆ. ದೂರ ದೂರದಲ್ಲಿಟ್ಟ ಎಣಿಕೆಯಂತ್ರಗಳು ಒಂದೇ ಕ್ಷಣದಲ್ಲಿ ಮಿಡಿಯುವುದನ್ನು ಕಂಡು, ಫ್ರಾನ್ಸಿನ ಪಿಯರ್ ಓಜೇ 1938ರಲ್ಲಿಯೇ ಇದನ್ನು ವಿವರಿಸಿದ್ದರು. ಮೂಲಕಣವನ್ನಂತೂ ನಾವು ಕಾಣೆವು.

ಲಿನ್ಸ್ಲಿಯವರ 19 ಶೋಧಕಗಳು ಸುಮಾರು 8 ಚದರ ಕಿಲೋಮೀಟರ್ ನೆಲವನ್ನು ಆಕ್ರಮಿಸಿದ್ದುವು. ಕಣ ತೂರಿದೊಡನೆ ಮಿನುಗುವ ಪ್ಲಾಸ್ಟಿಕ್ ಹಲಗೆಗಳೇ ಅವುಗಳ ಜೀವಾಳ. ಜಡಿಮಳೆಯು ಜೋಳದ ರೊಟ್ಟಿಯಂತೆ ಅಗಲವಾಗಿ, ತೆಳ್ಳಗೆ, ಬೆಳಕಿನದೇ ಎನ್ನಬಹುದಾದ ವೇಗದಿಂದ ಇಳಿಯುತ್ತದೆ. ಓರೆಯಾಗಿ ಬಂದರೆ ಒಂದು ಅಂಚು ಮೊದಲು ನೆಲಕ್ಕೆ ತಾಗುತ್ತದೆ. ಈ ಕಾಲವ್ಯತ್ಯಾಸ ಸೆಕೆಂಡಿನ ಕೆಲವು ದಶಲಕ್ಷಾಂಶ ಮಾತ್ರ; ಕಣ ಬಂದ ದಿಕ್ಕನ್ನು ಹೇಳಲು ಅಷ್ಟೇ ಸಾಕು.

ಇನ್ನು ಶಕ್ತಿಯ ಲೆಕ್ಕ. ಮಳೆಯ ಒಂದೊಂದು ಕಣಕ್ಕೂ ಮೂಲಕಣದ ಸುಮಾರು 200 ಕೋಟಿ ಎಲೆಕ್ಟ್ರಾನ್ ವೋಲ್ಟ್ ವೆಚ್ಚವಾಗಿದೆಯೆಂದು ಭಾವಿಸಿ ಗುಣಿಸಿ ನೋಡಿ: 1ರ ಮುಂದೆ 20 ಸೊನ್ನೆ! ಅಂದರೆ 16 ಜೂಲ್. ಒಂದು ಕಿಲೋಗ್ರಾಂ ತೂಕದ ತೆಂಗಿನಕಾಯಿಯನ್ನು ನೆಲದಿಂದ ಆಳೆತ್ತರಕ್ಕೆ ಎತ್ತಲು ಬೇಕಾದ ಶಕ್ತಿ ಒಂದು ಪರಮಾಣು ಬೀಜದಲ್ಲಿ ಅಡಗಿತ್ತು.

ಇಂತಹ ಕಣ ಚದರ ಕಿಲೋಮೀಟರಿಗೆ ಶತಮಾನಕ್ಕೊಂದು ಬಿದ್ದರೆ ಹೆಚ್ಚು. ಲಿನ್ಸ್ಲಿಯವರಿಗೆ ಅದೃಷ್ಟವೂ ಒಲಿದಿತ್ತೆನ್ನಬೇಕು. ಕಾಯುವ ಕಾಲವನ್ನು ಕಡಿಮೆ ಮಾಡಲು ನೆಲವನ್ನು ಹಿಗ್ಗಿಸುವುದೊಂದೇ ದಾರಿ. ಆದುದರಿಂದಲೇ ಅರ್ಜೆಂಟೀನಾದಲ್ಲಿ ಓಜೇಯವರ ಹೆಸರಿನ ವೀಕ್ಷಣಾಲಯ 3,000 ಚದರ ಕಿಲೋಮೀಟರ್ ಹರಡಿದೆ.

ಸಮಸ್ಯೆ ಮಾತ್ರ ಜಟಿಲವಾಗುತ್ತ ಬಂತು. ವಿಶ್ವವನ್ನೆಲ್ಲ ತುಂಬಿರುವ ಸೂಕ್ಷ್ಮತರಂಗ ವಿಕಿರಣ 1965ರಲ್ಲಿ ಪತ್ತೆಯಾಯಿತು. ಅದಕ್ಕೆ ಢಿಕ್ಕಿ ಹೊಡೆಯುತ್ತ ಇಂತಹ ಕಣಗಳು ಶಕ್ತಿಗುಂದಬೇಕೆಂದು ಮರುವರ್ಷ ಅಮೆರಿಕದ ಗ್ರೈಸೆನ್, ಸೋವಿಯತ್ ದೇಶದ ಜಟ್ಸೆಪಿನ್ ಮತ್ತು ಕುಜ್ಮಿನ್ ಲೆಕ್ಕಹಾಕಿ ತೋರಿಸಿದರು. ಹಾಗಾದರೆ ಇವುಗಳ ತವರು ವಿಶ್ವದ ಅಳತೆಯಲ್ಲಿ ನಮ್ಮ ನೆರೆಯಲ್ಲೇ ಇರಬೇಕು. ಆದರೆ 2021ರ ಮೇ ತಿಂಗಳಿನಲ್ಲಿ ಅಮೆರಿಕದ ಯೂಟಾದಲ್ಲಿ, ಲಿನ್ಸ್ಲಿಯವರ ಕಣಕ್ಕಿಂತ ಎರಡು ಪಟ್ಟಿಗೂ ಮಿಗಿಲಾದ ಶಕ್ತಿಯ ಕಣದ ಮಳೆ ದಾಖಲಾಯಿತು. ಅದು ಬಂದ ದಿಕ್ಕನ್ನು ಹಿಂಬಾಲಿಸಿದರೆ ಎದುರಾಗುವುದು ಗ್ಯಾಲಕ್ಸಿಗಳೇ ವಿರಳವಾದ ಒಂದು ಬಟ್ಟಬಯಲು.