ಹೊಲವು ನಿವೇಶನವಾಗುವಾಗ

ಬೆಂಗಳೂರಿನ ಲಾಲ್‌ಬಾಗಿನಲ್ಲಿರುವ ಹೆಬ್ಬಂಡೆಯ ನೆತ್ತಿಯ ಮೇಲೆ ಒಂದು ಚಿಕ್ಕ ಗೋಪುರವಿದೆ. ಇಂತಹವೇ ಇನ್ನು ಮೂರು ಗೋಪುರಗಳು ಹಲಸೂರು ಕೆರೆಯ ಬಳಿ, ಕೆಂಪಾಂಬುಧಿ ಕೆರೆಯ ಸಮೀಪ ಮತ್ತು ಮೇಖ್ರಿ ವೃತ್ತದ ಹತ್ತಿರ ಇವೆ. ಕೆಂಪೇಗೌಡರ ವಂಶದವರು ಕಟ್ಟಿಸಿದ ಈ ಗೋಪುರಗಳು ಊರು ಎಲ್ಲಿಯವರೆಗೆ ಬೆಳೆದೀತೆಂಬುದರ ಗುರುತುಗಳೆಂದು ಜನರು ಹೇಳುತ್ತ ಬಂದಿದ್ದಾರೆ. ಆ ಮಾತು ಇತಿಹಾಸವೋ ಐತಿಹ್ಯವೋ, ಅಂತೂ ಇಂದು ನಾಲ್ಕು ಗೋಪುರಗಳೂ ಊರಿನ ನಟ್ಟನಡುವೆ ನಿಂತಿವೆ. ಅವುಗಳನ್ನು ದಾಟಿ ಬಹುದೂರ ಹೋದರೂ ಹೊಲ ಕಾಣಸಿಗದು. ಕಂಡ ಕಡೆಯಲ್ಲಿಯೂ ಅದರ ಅಂಚಿಗೆ ಸುಣ್ಣ ಬಳಿದ ಗಡಿಗಲ್ಲುಗಳೂ ‘ನಿವೇಶನಗಳು ಮಾರಾಟಕ್ಕಿವೆ’ ಎಂಬ ಫಲಕವೂ ಇರುತ್ತವೆ.

ಬೆಳೆಯುವ ಊರಿನಲ್ಲಿ ನೆಲದ ಬೆಲೆ ಏರುವುದೆಂಬುದನ್ನು ಎಲ್ಲರೂ ಬಲ್ಲರು; ಅದು ಏಕೆ ಏರುವುದೆಂದು ಯೋಚಿಸುವವರು ವಿರಳ. ಬಟ್ಟೆಗೆ ಬೇಡಿಕೆ ಹೆಚ್ಚಿದರೆ ಗಿರಣಿಗಳು ಹೆಚ್ಚು ಬಟ್ಟೆಯನ್ನು ನೇಯುತ್ತವೆ. ನೆಲವನ್ನು ಹಾಗೆ ತಯಾರಿಸಲಾಗದು. ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲೂ ಆಗದು. ರೈತನು ಹೊಲವನ್ನು ಕೊಳ್ಳುವಾಗ ಮಣ್ಣಿನ ಬಣ್ಣವನ್ನೂ ಬಾವಿಯ ನೀರನ್ನೂ ನೋಡುತ್ತಾನೆ. ಅದೇ ಹೊಲವನ್ನು ನಗರದವನು ಕೊಳ್ಳುವಾಗ ಮಣ್ಣಿನತ್ತ ಕಣ್ಣನ್ನೇ ಹಾಯಿಸುವುದಿಲ್ಲ. ಹೆದ್ದಾರಿ ಎಷ್ಟು ದೂರ, ವಿಮಾನ ನಿಲ್ದಾಣಕ್ಕೆ ಎಷ್ಟು ಹೊತ್ತು, ಮೆಟ್ರೊ ರೈಲು ಈ ಕಡೆಗೆ ಬಂದೀತೇ ಎಂದು ವಿಚಾರಿಸುತ್ತಾನೆ. ಆ ರಸ್ತೆಯನ್ನಾಗಲಿ ರೈಲನ್ನಾಗಲಿ ಹೊಲದ ಒಡೆಯನು ಮಾಡಿದವನಲ್ಲ. ಅವು ಎಲ್ಲರ ತೆರಿಗೆಯ ಹಣದಿಂದ ಆದವು. ಆದರೂ ಏರಿದ ಬೆಲೆಯು ಆ ಹೊತ್ತಿಗೆ ಯಾರ ಹೆಸರಿನಲ್ಲಿ ಪತ್ರವಿರುವುದೋ ಅವರ ಕೈ ಸೇರುತ್ತದೆ. ಎಷ್ಟೋ ವೇಳೆ ಅಂಥವರು ಹತ್ತು ತಲೆಮಾರು ಉತ್ತವರಲ್ಲ, ಹತ್ತು ತಿಂಗಳ ಹಿಂದೆ ಕೊಂಡವರು.

ಊರು ಹೀಗೆ ಹರಡಿದ್ದು ಒಮ್ಮೆಲೇ ಅಲ್ಲ. 1537ರಲ್ಲಿ ಕೆಂಪೇಗೌಡನು ಕಟ್ಟಿದನೆನ್ನುವ ಊರು ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ ಎಂದು ಕಸುಬಿನ ಹೆಸರು ಹೊತ್ತ ಪೇಟೆಗಳ ಊರು. 1809ರಲ್ಲಿ ಬ್ರಿಟಿಷರ ದಂಡು ಬಂದು ಪೂರ್ವದಲ್ಲಿ ಇನ್ನೊಂದು ಊರೇ ಎದ್ದಿತು. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನ ಓಣಿಗಳನ್ನು ಬಿಟ್ಟು ಹೊರಗೆ ನೆಲಸುವಂತೆ ಜನರನ್ನು ಪ್ರೇರಿಸಿದಾಗ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ತುಂಬಿದವು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯು ಸ್ಥಾಪಿತವಾಯಿತು. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದಿತು. ವಿಮಾನ, ದೂರವಾಣಿ, ಕೈಗಡಿಯಾರಗಳ ದೊಡ್ಡ ಕಾರ್ಖಾನೆಗಳು ಸಾವಿರಾರು ಕುಟುಂಬಗಳನ್ನು ಕರೆತಂದವು. 1976ರ ಕಾಯಿದೆಯಿಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಹುಟ್ಟಿತು. ಆಮೇಲೆ ಗಣಕಯಂತ್ರದ ಉದ್ಯಮವು ಬಂದು ಎಲ್ಲ ಅಂದಾಜುಗಳನ್ನೂ ಮೀರಿಸಿತು. 1951ರ ಜನಗಣತಿಯಲ್ಲಿ ಎಂಟು ಲಕ್ಷದ ಹತ್ತಿರವಿದ್ದ ಜನಸಂಖ್ಯೆ 1981ರಲ್ಲಿ 29 ಲಕ್ಷವನ್ನೂ 2011ರಲ್ಲಿ 85 ಲಕ್ಷದ ಸಮೀಪವನ್ನೂ ಮುಟ್ಟಿತು.

ಇಷ್ಟು ಜನಕ್ಕೆ ಮನೆ ಬೇಕು. ಮನೆಗೆ ನೆಲ ಬೇಕು. ಒಂದು ಎಕರೆ ಹೊಲವು ನಿವೇಶನಗಳಾಗುವ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಒಂದು ಎಕರೆಗೆ 40 ಗುಂಟೆ. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ. ಹಾಗಾಗಿ ಎಕರೆಗೆ 43,560 ಚದರ ಅಡಿ. ಮಧ್ಯಮ ವರ್ಗದವರು ಕನಸು ಕಾಣುವ 30 ಅಡಿಗೆ 40 ಅಡಿಯ ನಿವೇಶನವು 1,200 ಚದರ ಅಡಿ, ಅಂದರೆ ಒಂದು ಗುಂಟೆಗಿಂತ ಸ್ವಲ್ಪವೇ ಹೆಚ್ಚು. ಎಕರೆಯೊಂದರಲ್ಲಿ ಮೂವತ್ತಾರು ನಿವೇಶನಗಳಾದಾವೆಂದು ತೋರುವುದು ಸಹಜ. ಆದರೆ ರಸ್ತೆ, ಚರಂಡಿ, ಉದ್ಯಾನ, ಶಾಲೆ ಮೊದಲಾದವುಗಳಿಗೆ ನೂರಕ್ಕೆ 45ರಷ್ಟನ್ನು ಬಿಟ್ಟರೆ ಉಳಿಯುವುದು ಇಪ್ಪತ್ತು ನಿವೇಶನಗಳ ನೆಲ ಮಾತ್ರ. ಪ್ರಾಧಿಕಾರವು ಕೆಲವು ಬಡಾವಣೆಗಳಲ್ಲಿ ಪರಿಹಾರದ ಹಣಕ್ಕೆ ಬದಲಾಗಿ, ಹೀಗೆ ಉಳಿದ ನೆಲದಲ್ಲಿ ನೂರಕ್ಕೆ 40ರ ಪಾಲನ್ನು ರೈತರಿಗೇ ಕೊಡುವ ಪದ್ಧತಿಯನ್ನು ತಂದಿದೆ. ಆಗ ಎಕರೆಯ ಒಡೆಯನಿಗೆ ಎಂಟು ನಿವೇಶನಗಳಷ್ಟು ನೆಲ ಬರುತ್ತದೆ. ಏರುವ ಬೆಲೆಯಲ್ಲಿ ರೈತನೂ ಭಾಗಿಯಾಗಲೆಂಬುದು ಇದರ ಉದ್ದೇಶ, ಉದ್ದೇಶ ಒಳ್ಳೆಯದೇ. ಆದರೆ ಬಡಾವಣೆ ಸಿದ್ಧವಾಗುವುದಕ್ಕೆ ಹತ್ತು ಹದಿನೈದು ವರ್ಷ ಹಿಡಿದರೆ ಅಷ್ಟು ದಿನ ಆ ಮನೆಯ ಒಲೆ ಹೇಗೆ ಉರಿಯಬೇಕು?

ಈ ಲೆಕ್ಕದಲ್ಲಿ ಉದ್ಯಾನಕ್ಕೂ ರಸ್ತೆಗೂ ಬಿಡಬೇಕಾದ ಭಾಗವನ್ನು ಬಿಡದೆ, ಹೊಲವನ್ನು ಹೊಲವಾಗಿಯೇ ತುಂಡರಿಸಿ ಮಾರುವವರೂ ಇದ್ದಾರೆ. 1964ರ ಭೂಕಂದಾಯ ಕಾಯಿದೆಯಂತೆ ಕೃಷಿಭೂಮಿಯನ್ನು ಬೇರೆ ಬಳಕೆಗೆ ತರುವುದಕ್ಕೆ ಭೂಪರಿವರ್ತನೆಯಾಗಬೇಕು. ಅದಿಲ್ಲದೆ ಮಾರಿದ ತುಂಡುಗಳನ್ನು ಜನರು ಕಂದಾಯ ನಿವೇಶನಗಳೆಂದು ಕರೆಯುತ್ತಾರೆ. ಬೆಲೆ ಕಡಿಮೆ, ಕೂಲಿಯವರು, ಕಾರ್ಖಾನೆಯ ಕೆಲಸಗಾರರು, ಸಣ್ಣ ನೌಕರರು ಕೊಳ್ಳುವುದು ಇಂಥವನ್ನೇ. ಅವರನ್ನು ದೂಷಿಸಿ ಫಲವಿಲ್ಲ. ಅವರ ಕೈಗೆ ಎಟುಕುವ ನಿವೇಶನವನ್ನು ನಿಯಮಬದ್ಧವಾಗಿ ಒದಗಿಸಿದವರು ಯಾರೂ ಇರಲಿಲ್ಲ. ಮನೆ ಕಟ್ಟಿ ಇಪ್ಪತ್ತು ವರ್ಷವಾದ ಮೇಲೂ ಖಾತೆಗಾಗಿ ಕಚೇರಿಗೆ ಅಲೆಯುವ ಸಂಸಾರಗಳು ನಗರದ ಅಂಚಿನಲ್ಲಿ ಬಹಳ. ಕೊಳ್ಳುವವನು ಪಹಣಿ, ಋಣಭಾರ ಪತ್ರ, ಪರಿವರ್ತನೆಯ ಆದೇಶ, ನಕ್ಷೆಯ ಮಂಜೂರಾತಿ ಇವಿಷ್ಟನ್ನೂ ನೋಡದೆ ಮುಂಗಡ ಕೊಡಬಾರದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರವು ಮಂಜೂರು ಮಾಡಿದ ಭೂಮಿಯನ್ನು ಅನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯಿದೆಯು ನಿಷೇಧಿಸಿದೆಯಾದ್ದರಿಂದ ನೆಲದ ಪೂರ್ವಕಥೆಯನ್ನೂ ತಿಳಿಯಬೇಕು. 2016ರ ಸ್ಥಿರಾಸ್ತಿ ಕಾಯಿದೆಯ ಪ್ರಕಾರ 500 ಚದರ ಮೀಟರಿಗಿಂತ ದೊಡ್ಡ ಯೋಜನೆಗಳು ನೋಂದಣಿಯಾಗಬೇಕು; ಕೊಳ್ಳುವವರಿಂದ ಪಡೆದ ಹಣದಲ್ಲಿ ನೂರಕ್ಕೆ 70ರಷ್ಟನ್ನು ಆ ಯೋಜನೆಗೆಂದೇ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಒಂದು ಬಡಾವಣೆಯ ಹಣದಿಂದ ಇನ್ನೊಂದಕ್ಕೆ ನೆಲ ಕೊಂಡು, ಎರಡನ್ನೂ ನಡುವೆ ನಿಲ್ಲಿಸುವ ಚಾಳಿಗೆ ಇದೊಂದು ಕಡಿವಾಣ.

ಕಾಗದ ಸರಿಯಿದ್ದ ಮಾತ್ರಕ್ಕೆ ನೆಲ ಸರಿಯಿರಬೇಕೆಂದಿಲ್ಲ. ಬೆಂಗಳೂರು ಯಾವ ದೊಡ್ಡ ನದಿಯ ದಡದಲ್ಲಿಯೂ ಇಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ದಿಣ್ಣೆಯ ಮೇಲಿದೆ. ಬಿದ್ದ ಮಳೆ ಮೂರು ಮುಖ್ಯ ಕಣಿವೆಗಳಲ್ಲಿ ಹರಿದು ಹೋಗುತ್ತದೆ. ಆ ನೀರನ್ನು ತಡೆದು ನಿಲ್ಲಿಸಲೆಂದೇ ಹಿಂದಿನವರು ಒಂದರ ಕೆಳಗೊಂದರಂತೆ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ ಇಳಿಯುತ್ತಿತ್ತು. ನಗರ ಬೆಳೆದಾಗ ಕೆರೆಯಂಗಳವು ಯಾರೂ ಪರಿಹಾರ ಕೇಳದ ಬಯಲಾಗಿ ಕಂಡಿತು. ಧರ್ಮಾಂಬುಧಿ ಕೆರೆಯು ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕರಗದ ಆಚರಣೆಗೆ ಬೇಕೆಂದು ಉಳಿದ ಒಂದು ಸಣ್ಣ ಕೊಳ ಮಾತ್ರ ಹಳೆಯ ಹೆಸರನ್ನು ಹೇಳುತ್ತದೆ. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ಕೋರಮಂಗಲದ ಕೆರೆಯಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ವಸತಿಗಳೆದ್ದವು. ಕೆರೆ ಹೋದರೂ ಮಳೆ ತನ್ನ ಹಳೆಯ ದಾರಿಯನ್ನು ಮರೆಯಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದ ಸಿರಿವಂತ ಬಡಾವಣೆಗಳ ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೊರತರಬೇಕಾಯಿತು. ಒಂದೂವರೆ ವರ್ಷ ಕಳೆಯುವುದರೊಳಗೆ, 2024ರ ಬೇಸಗೆಯಲ್ಲಿ, ಅದೇ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿ ಜನರು ನೀರಿನ ಟ್ಯಾಂಕರಿಗಾಗಿ ಕಾದು ನಿಂತರು.

ಹೊಸ ಬಡಾವಣೆಗಳ ಭವಿಷ್ಯವನ್ನು ನಿರ್ಧರಿಸುವುದು ಕಡೆಗೆ ಈ ನೀರೇ. ಕಾವೇರಿಯ ನೀರು 1974ರಲ್ಲಿ ಬೆಂಗಳೂರಿಗೆ ಬಂದಿತು. ಅದನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳಿಂದ ಏರಿಸಿ ತರಬೇಕು. 2007ರಲ್ಲಿ 110 ಹಳ್ಳಿಗಳು ಮಹಾನಗರ ಪಾಲಿಕೆಗೆ ಸೇರಿದವು. ಅಂದಿನಿಂದ ಅಲ್ಲಿ ಮನೆಗಳು ಏರಿದವು, ಬೆಲೆ ಏರಿತು, ತೆರಿಗೆಯೂ ಬಂದಿತು. ಆ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ, ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ. ಪಾಲಿಕೆಗೆ ಸೇರಿದಂದಿನಿಂದ ಆ ದಿನದವರೆಗೆ ಹದಿನೇಳು ವರ್ಷಗಳು ಕಳೆದಿದ್ದವು. ಮಾರಾಟದ ಫಲಕಗಳಲ್ಲಿ ವಿಮಾನ ನಿಲ್ದಾಣಕ್ಕಿರುವ ದೂರವನ್ನು ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತಾರೆ. ನೀರಿನ ಮೂಲಕ್ಕಿರುವ ದೂರವನ್ನು ಬರೆದ ಫಲಕ ಇನ್ನೂ ಕಾಣಬೇಕಾಗಿದೆ.

ಇನ್ನು ನೆಲವನ್ನು ಬಿಟ್ಟುಕೊಡುವವರ ಕಡೆಗೆ ಬರೋಣ. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರು ಒಡೆಯರಾದರು. ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳುವುದಕ್ಕಿದ್ದ ನಿರ್ಬಂಧವನ್ನು 2020ರ ತಿದ್ದುಪಡಿಯು ಬಹುಮಟ್ಟಿಗೆ ತೆಗೆದುಹಾಕಿತು. ಹೀಗಾಗಿ ಅಜ್ಜನು ಭೂನ್ಯಾಯಮಂಡಳಿಯ ಮುಂದೆ ನಿಂತು ಪಡೆದ ಭೂಮಿಗೆ ಮೊಮ್ಮಗನ ಕಾಲದಲ್ಲಿ ಯಾರು ಬೇಕಾದರೂ ಬೆಲೆ ಕೇಳಬಹುದಾಗಿದೆ. ಮಾರುವವರೆಲ್ಲ ಮೋಸಹೋದವರೆಂದು ತಿಳಿಯಬೇಕಾಗಿಲ್ಲ. ಬಂದ ಹಣದಿಂದ ದೂರದ ತಾಲ್ಲೂಕಿನಲ್ಲಿ ಹೆಚ್ಚು ಭೂಮಿಯನ್ನು ಕೊಂಡವರಿದ್ದಾರೆ, ಮಕ್ಕಳನ್ನು ಓದಿಸಿದವರಿದ್ದಾರೆ. ಕಾರು, ಮದುವೆ, ಸಾಲಗಳಲ್ಲಿ ಮೂರೇ ವರ್ಷಕ್ಕೆ ಎಲ್ಲವನ್ನೂ ಕಳೆದುಕೊಂಡು, ತಮ್ಮದೇ ಹೊಲದ ಮೇಲೆದ್ದ ಕಟ್ಟಡಕ್ಕೆ ಕಾವಲುಗಾರರಾದವರೂ ಇದ್ದಾರೆ. ಆ ಹೊಲದಲ್ಲಿ ಕಳೆ ಕೀಳುತ್ತಿದ್ದ ಭೂಹೀನರ ಹೆಸರು ಮಾತ್ರ ಯಾವ ಪತ್ರದಲ್ಲಿಯೂ ಇರುವುದಿಲ್ಲ. ಅವರು ಸುಮ್ಮನೆ ಬೇರೆ ಊರಿಗೆ ಹೋಗುತ್ತಾರೆ.

ಸರ್ಕಾರವು ಸ್ವಾಧೀನ ಮಾಡಿಕೊಳ್ಳುವಲ್ಲಿ ಇನ್ನೊಂದು ತೊಡಕು ಉಂಟು. 1894ರ ಹಳೆಯ ಕಾಯಿದೆಯ ಬದಲಿಗೆ 2013ರಲ್ಲಿ ಹೊಸ ಕಾಯಿದೆ ಬಂದು ಪರಿಹಾರವನ್ನು ಹೆಚ್ಚಿಸಿತು. ಆದರೆ ಪರಿಹಾರವನ್ನು ಎಣಿಸುವುದು ನೋಂದಾಯಿತ ಕ್ರಯಪತ್ರಗಳ ಆಧಾರದಿಂದ. ಮುದ್ರಾಂಕ ಶುಲ್ಕವನ್ನು ಉಳಿಸಲೆಂದು ಕೊಳ್ಳುವವರೂ ಮಾರುವವರೂ ಸೇರಿ ಪತ್ರದಲ್ಲಿ ಕಡಿಮೆ ಬೆಲೆ ಬರೆಸುವ ರೂಢಿಯು ಬಹು ಹಿಂದಿನದು. ಅಂದು ಉಳಿದ ಹಣಕ್ಕಾಗಿ, ಮುಂದೆಂದೋ ಸ್ವಾಧೀನದ ಸೂಚನೆ ಬಂದಾಗ, ನೆರೆಯ ಹೊಲದವನು ದಂಡ ತೆರುತ್ತಾನೆ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ನಡೆದುದನ್ನು ಇಲ್ಲಿ ನೆನೆಯಬೇಕು. ಚಕ್ಕೋತ ಹಣ್ಣಿಗೂ ದ್ರಾಕ್ಷಿಗೂ ಹೆಸರಾದ ಸೀಮೆಯಿದು. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. 2008ರಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಆರಂಭವಾದ ಮೇಲೆ ಸುತ್ತಲಿನ ನೆಲದ ಬೆಲೆ ನೆಗೆಯಿತು. ವಿಮಾನ ಮತ್ತು ರಕ್ಷಣಾ ಉದ್ಯಮಗಳಿಗಾಗಿ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಸ್ವಾಧೀನ ಮಾಡಿಕೊಳ್ಳಲು ಸರ್ಕಾರವು ಹೊರಟಾಗ, 2022ರಲ್ಲಿ ರೈತರು ಧರಣಿಗೆ ಕುಳಿತರು. ಮೂರು ವರ್ಷಗಳಿಗೂ ಹೆಚ್ಚು ಕಾಲ ಧರಣಿ ನಡೆಯಿತು. ಪರಿಹಾರ ಸಾಲದೆಂಬುದಲ್ಲ, ಭೂಮಿಯನ್ನು ಕೊಡುವುದೇ ಇಲ್ಲವೆಂಬುದು ಅವರ ವಾದವಾಗಿತ್ತು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ಸ್ವ‌ಇಚ್ಛೆಯಿಂದ ಕೊಡಲು ಮುಂದೆ ಬರುವವರಿಂದ ಮಾತ್ರ ಭೂಮಿಯನ್ನು ಪಡೆಯುವುದಾಗಿಯೂ ಹೇಳಿದರು.

ಸುತ್ತಲಿನ ಪಟ್ಟಣಗಳಿಗೂ ಇದೇ ಸರದಿ ಬರುತ್ತಿದೆ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್ಲು, ಕನಕಪುರ, ರಾಮನಗರ, ಮಾಗಡಿಗಳನ್ನು ಬಳಸುವ ಸುಮಾರು 280 ಕಿಲೋಮೀಟರಿನ ವರ್ತುಲ ಹೆದ್ದಾರಿಯಲ್ಲಿ ದಾಬಸ್‌ಪೇಟೆಯಿಂದ ಹೊಸಕೋಟೆಯವರೆಗಿನ ಭಾಗವು 2024ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಹೆದ್ದಾರಿಯ ಎರಡು ಮಗ್ಗುಲಲ್ಲಿಯೂ ಇಂದು ರಾಗಿಯ ಹೊಲ, ಹಿಪ್ಪುನೇರಳೆ ತೋಟ, ಗೋದಾಮು, ಗಡಿಗಲ್ಲು ನೆಟ್ಟ ಬಯಲು ಒಂದರ ಪಕ್ಕದಲ್ಲೊಂದಿವೆ. ಮನೆಮನೆಯಲ್ಲಿಯೂ ಇದೇ ಮಾತು. ಅಣ್ಣನು ಕೊಡೋಣವೆನ್ನುತ್ತಾನೆ, ತಮ್ಮನು ಒಲ್ಲೆನೆನ್ನುತ್ತಾನೆ. ಮದುವೆಯಾಗಿ ಹೋದ ಅಕ್ಕನ ಸಹಿಯೂ ಬೇಕೆಂದು ಆಗ ನೆನಪಾಗುತ್ತದೆ. ಅಣ್ಣನ ಪಾಲು ನಿವೇಶನಗಳಾಗಿ ತಮ್ಮನ ಪಾಲು ದ್ರಾಕ್ಷಿಯ ತೋಟವಾಗಿಯೇ ಉಳಿಯುವುದಾದರೆ, ಮೇಲಿನ ಬಡಾವಣೆಯ ಚರಂಡಿಯು ಕೆಳಗಿನ ತೋಟದ ಯಾವ ಬದುವಿನ ಮೇಲೆ ಹರಿಯಬೇಕೆಂಬುದನ್ನು ಗಡಿಗಲ್ಲು ನೆಡುವ ಮೊದಲೇ ಇಬ್ಬರೂ ಕೂಡಿ ತೀರ್ಮಾನಿಸಬೇಕಾಗುತ್ತದೆ.