ಒಂದೇ ಲ್ಯಾಪ್‌ಟಾಪಿನಲ್ಲಿ ಪುಟ್ಟ ನೆಟ್‌ವರ್ಕ್

ಗಣಕ ವಿಜ್ಞಾನದ ಪಾಠದಲ್ಲಿ ಐಪಿ ವಿಳಾಸ, ಸ್ವಿಚ್, ಸರ್ವರ್ ಎಂದೆಲ್ಲ ಓದುತ್ತೇವೆ, ಪರೀಕ್ಷೆಯಲ್ಲಿ ಚಿತ್ರವನ್ನೂ ಬರೆಯುತ್ತೇವೆ. ಆದರೆ ಎರಡು ಕಂಪ್ಯೂಟರುಗಳನ್ನು ಕೈಯಾರೆ ಜೋಡಿಸಿ ನೋಡಿದವರು ಕಡಿಮೆ. ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್, ಮಳೆ ಹಿಡಿದರೆ ಸಿಗ್ನಲ್ಲೂ ಇಲ್ಲ ಎನ್ನುವ ಸೊರಬದ ವಿದ್ಯಾರ್ಥಿಯೂ ಇದನ್ನು ಕಲಿಯಬಹುದು.

ಇದಕ್ಕೆ ಬೇಕಾದದ್ದು ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ. ಒಂದೇ ಕಂಪ್ಯೂಟರಿನೊಳಗೆ ಹಲವು ‘ವರ್ಚುವಲ್ ಯಂತ್ರ’ಗಳನ್ನು ಅದು ನಡೆಸುತ್ತದೆ. 8 ಜಿಬಿ ರ‍್ಯಾಮ್ ಇದ್ದರೆ ತಲಾ 2 ಜಿಬಿ ಕೊಟ್ಟು, ಲುಬುಂಟುವಿನಂಥ ಹಗುರ ಲಿನಕ್ಸ್ ಇರುವ ಎರಡು ಯಂತ್ರಗಳನ್ನು ಮಾಡಿಕೊಳ್ಳಿ. ಒಂದನ್ನು ನಕಲು ಮಾಡಿ ಎರಡನೆಯದನ್ನು ಪಡೆಯುವುದಾದರೆ, ಹೊಸ ಮ್ಯಾಕ್ ವಿಳಾಸ ಕೊಡುವ ಆಯ್ಕೆಯನ್ನು ಒತ್ತಲು ಮರೆಯಬೇಡಿ.

ಮೊದಲಿಗೆ ಎರಡೂ ಯಂತ್ರಗಳು ‘ನ್ಯಾಟ್’ ವಿಧಾನದಲ್ಲಿರುತ್ತವೆ. ಎರಡಕ್ಕೂ ಇಂಟರ್ನೆಟ್ ಸಿಗುತ್ತದೆ. ಆದರೆ ಎರಡರ ವಿಳಾಸವೂ 10.0.2.15! ಒಂದಕ್ಕೊಂದು ಕಾಣುವುದೇ ಇಲ್ಲ. ಅಕ್ಕಪಕ್ಕದ ಕೋಣೆಗಳ ಬಾಗಿಲು ರಸ್ತೆಗೆ ಮಾತ್ರ ತೆರೆದಂತೆ. ನಮಗೆ ಬೇಕಾದದ್ದು ನಡುಗೋಡೆಯ ಬಾಗಿಲು.

ಬೇಕಾದ ತಂತ್ರಾಂಶಗಳನ್ನೆಲ್ಲ ಮೊದಲೇ ಇಳಿಸಿಕೊಂಡು ಯಂತ್ರಗಳನ್ನು ಆರಿಸಿ. ಎರಡರಲ್ಲೂ ಸೆಟ್ಟಿಂಗ್ಸ್‌ಗೆ ಹೋಗಿ, ನೆಟ್‌ವರ್ಕ್ ವಿಭಾಗದಲ್ಲಿ ‘ಇಂಟರ್ನಲ್ ನೆಟ್‌ವರ್ಕ್’ ಆರಿಸಿ. ಎರಡಕ್ಕೂ ಒಂದೇ ಹೆಸರಿರಲಿ. ಹೆಸರು ಬೇರೆಯಾದರೆ ಅವು ಬೇರೆ ಬೇರೆ ನೆಟ್‌ವರ್ಕ್.

ಇಲ್ಲಿ ವಿಳಾಸ ಹಂಚುವವರು ಯಾರೂ ಇಲ್ಲ, ನಾವೇ ಕೊಡಬೇಕು. ಒಂದಕ್ಕೆ 192.168.10.1, ಇನ್ನೊಂದಕ್ಕೆ 192.168.10.2, ಎರಡಕ್ಕೂ ಮಾಸ್ಕ್ 255.255.255.0. ಈಗ ಒಂದರಿಂದ ಇನ್ನೊಂದಕ್ಕೆ ಪಿಂಗ್ ಮಾಡಿ. ಉತ್ತರ ಬಂದರೆ ಬಾಗಿಲು ತೆರೆಯಿತು.

ಮುಂದೆ, ಮೊದಲ ಯಂತ್ರದಲ್ಲಿ ಪೈಥಾನ್‌ನಲ್ಲೇ ಇರುವ ‘ಎಚ್‌ಟಿಟಿಪಿ.ಸರ್ವರ್’ ಮಾಡ್ಯೂಲ್ ನಡೆಸಿ. ಎರಡನೆಯದರ ಬ್ರೌಸರಿನಲ್ಲಿ 192.168.10.1:8000 ಎಂದು ಬರೆದರೆ ಮೊದಲನೆಯದರ ಕಡತಗಳ ಪಟ್ಟಿ ಕಾಣುತ್ತದೆ. ಸರ್ವರ್ ಮತ್ತು ಕ್ಲೈಂಟ್ ಎಂದರೆ ಇಷ್ಟೇ.

ಆಮೇಲೆ ಬೇಕೆಂದೇ ಕೆಡಿಸಿ ನೋಡಿ. ಎರಡನೆಯದರ ವಿಳಾಸವನ್ನು 192.168.20.2 ಮಾಡಿದರೆ ಪಿಂಗ್ ನಿಲ್ಲುತ್ತದೆ. ಏಕೆ? ಆ ಮಾಸ್ಕ್‌ನ ಪ್ರಕಾರ ಮೊದಲ ಮೂರು ಸಂಖ್ಯೆಗಳು ಬೀದಿಯ ಹೆಸರಿದ್ದಂತೆ, ಕೊನೆಯದು ಮನೆ ನಂಬರು. ಈಗ ಬೀದಿಯೇ ಬೇರೆಯಾಯಿತು.

ಇಲ್ಲಿ ಏನೇ ಕೆಟ್ಟರೂ ಹೊರಗಿನವರಿಗೆ ತೊಂದರೆಯಿಲ್ಲ. ಲ್ಯಾಪ್‌ಟಾಪಿಗೂ ಈ ನೆಟ್‌ವರ್ಕಿನೊಳಗೆ ಪ್ರವೇಶವಿಲ್ಲ. ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರಿನೊಳಗೆ ನುಗ್ಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ವಿರುದ್ಧ. ಆದ್ದರಿಂದ ಪ್ರಯೋಗಗಳೆಲ್ಲ ನಿಮ್ಮ ಯಂತ್ರಗಳ ಮೇಲೆಯೇ ನಡೆಯಲಿ.